ಹಿನ್ನೆಲೆ ತಾಳೆಯಾಗಲಿ, ಮುಖ ಬದಲಾಗದಿರಲಿ

ದ್ವಿತೀಯ ಪಿಯುಸಿ ವಿದ್ಯಾರ್ಥಿಗಳ ಬೀಳ್ಕೊಡುಗೆಗೆ ಫೋಟೋ ಬೋರ್ಡ್ ಮಾಡುವ ಕೆಲಸ ಈ ಸಲ ನನ್ನ ಪಾಲಿಗೆ ಬಂತು. ಒಟ್ಟು 46 ಫೋಟೋಗಳು. ಕೆಲವು ಸ್ಟುಡಿಯೋದ ನೀಲಿ ಪರದೆಯ ಮುಂದೆ ತೆಗೆದದ್ದು, ಕೆಲವು ಮನೆಯ ಗೋಡೆಯ ಮುಂದೆ ಮೊಬೈಲಿನಲ್ಲಿ ತೆಗೆದದ್ದು. "ಎಲ್ಲರ ಹಿನ್ನೆಲೆಯೂ ಒಂದೇ ತಿಳಿನೀಲಿ ಇರಲಿ" ಎಂದರು ಮೇಡಂ.

ಸುಲಭ ಎಂದುಕೊಂಡೆ. ಮಂಕಾಗಿ ಕಂಡ ಒಂದು ಫೋಟೋ ತೆಗೆದುಕೊಂಡು, ಗೋಡೆ ತಿಳಿನೀಲಿಯಾಗುವವರೆಗೆ ಇಡೀ ಚಿತ್ರದ ಬೆಳಕನ್ನೂ ನೀಲಿಯನ್ನೂ ಏರಿಸಿದೆ. ಹಿನ್ನೆಲೆ ಸರಿಹೋಯಿತು. ಆದರೆ ಅದನ್ನು ನೋಡಿದ ಸೀನಿಯರ್ ಆಪಾ, "ನನ್ನನ್ನು ಯಾಕೆ ಬೆಳ್ಳಗೆ ಮಾಡಿದ್ದೀ? ನನ್ನ ಬಣ್ಣ ಚೆನ್ನಾಗಿಲ್ಲವಾ?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಮುಖವನ್ನು ನಾನು ಮುಟ್ಟಿಯೇ ಇಲ್ಲ ಎಂದುಕೊಂಡಿದ್ದೆ.

ಆಗಿದ್ದೇನು? ಕಂಪ್ಯೂಟರಿಗೆ ಬಣ್ಣ ಎಂದರೆ ಮೂರು ಅಂಕಿಗಳು: ಕೆಂಪು, ಹಸಿರು, ನೀಲಿ. ಪ್ರತಿಯೊಂದೂ 0ಯಿಂದ 255ರವರೆಗೆ. ಹೀಗೆ 1,67,77,216 ಬಣ್ಣಗಳು ಸಾಧ್ಯ. ನಮ್ಮ ಕಣ್ಣಿಗೆ "ಅದೇ ನೀಲಿ" ಎನಿಸಿದ್ದು ಅಂಕಿಯಲ್ಲಿ ಬೇರೆಯೇ ಇರುತ್ತದೆ. ಒಂದೇ ಪರದೆ ಕಿಟಕಿಯ ಬೆಳಕಿನಲ್ಲಿ ಒಂದು ಬಣ್ಣ, ಹಳದಿ ಬಲ್ಬಿನ ಕೆಳಗೆ ಇನ್ನೊಂದು ಬಣ್ಣ. ಅಂಥ ಕಡೆ ಬೆಳಕಿನ ದೋಷ ಮುಖದ ಮೇಲೂ ಬಿದ್ದಿರುವುದರಿಂದ ಇಡೀ ಚಿತ್ರವನ್ನು ಸರಿಪಡಿಸಬಹುದು. ಆದರೆ ಆಪಾ ಅವರ ಮನೆಯ ಗೋಡೆ ನಿಜವಾಗಿಯೂ ಬೂದು ಬಣ್ಣದ್ದು. ನಾನು ಅದನ್ನು ಬೆಳಕಿನ ಕೊರತೆ ಎಂದು ತಿಳಿದೆ.

ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವಲ್ಲ? ಎರಡೂ ಕಡೆ ಮೊತ್ತ ಸಮವಾಗುತ್ತದೆ, ತಪ್ಪು ಒಳಗೇ ಉಳಿಯುತ್ತದೆ. ನಾನು ಆ ವ್ಯತ್ಯಾಸವನ್ನು ಆಪಾ ಅವರ ಮುಖಕ್ಕೆ ಹಾಕಿದ್ದೆ.

ಆಮೇಲೆ ಕಲಿತ ಸರಿಯಾದ ಕ್ರಮ ಇದು. ನಾನು ಬಳಸಿದ್ದು ಗಿಂಪ್ ಎಂಬ ಉಚಿತ ತಂತ್ರಾಂಶ. ಫೋಟೋಶಾಪ್‌ನಲ್ಲೂ ಇಂಥ ಸಾಧನಗಳಿವೆ.

1. ಒಂದು ಒಳ್ಳೆಯ ಫೋಟೋವನ್ನು ಮಾದರಿಯಾಗಿ ಇಟ್ಟುಕೊಳ್ಳಿ. ಕಲರ್ ಪಿಕರ್‌ನಿಂದ ಅದರ ಹಿನ್ನೆಲೆಯ ಅಂಕಿ ನೋಡಿ. ಒಂದೇ ಚುಕ್ಕಿಯನ್ನು ನಂಬಬೇಡಿ, 'ಸ್ಯಾಂಪಲ್ ಆವರೇಜ್' ಆರಿಸಿದರೆ ಸುತ್ತಲಿನ ಸರಾಸರಿ ಸಿಗುತ್ತದೆ. ನನ್ನ ಮಾದರಿಯಲ್ಲಿ ಸಿಕ್ಕಿದ್ದು 168, 200, 226. ಆಪಾ ಅವರ ಗೋಡೆ 128, 146, 150.

2. ಬದಲಿಸಬೇಕಾದ ಫೋಟೋದ ಲೇಯರನ್ನು ನಕಲು ಮಾಡಿ. ತಪ್ಪಾದರೆ ಮೂಲ ಕೆಳಗೆ ಇದ್ದೇ ಇರುತ್ತದೆ.

3. ಫಜಿ ಸೆಲೆಕ್ಟ್‌ನಿಂದ ಹಿನ್ನೆಲೆಯನ್ನು ಮಾತ್ರ ಆರಿಸಿ. ಥ್ರೆಶೋಲ್ಡ್ ಹೆಚ್ಚಾದರೆ ಆಯ್ಕೆ ಭುಜದೊಳಗೆ ನುಗ್ಗುತ್ತದೆ, ಕಡಿಮೆಯಾದರೆ ಗೋಡೆಯ ನೆರಳು ಬಿಟ್ಟುಹೋಗುತ್ತದೆ. ಬಿಳಿ ಗೋಡೆಯ ಮುಂದೆ ಬಿಳಿ ಟೋಪಿ, ಬಿಳಿ ದುಪಟ್ಟಾ ಇದ್ದರೆ ಯಂತ್ರಕ್ಕೆ ಅಂಚು ತಿಳಿಯುವುದಿಲ್ಲ. ಅಲ್ಲಿ ಫ್ರೀ ಸೆಲೆಕ್ಟ್ ಹಿಡಿದು ಕೈಯಿಂದಲೇ ಗೆರೆ ಎಳೆಯಬೇಕು. ನಮ್ಮ ಕಾಲೇಜಿನ ಫೋಟೋಗಳಲ್ಲಿ ಹೆಚ್ಚು ಸಮಯ ಹಿಡಿದದ್ದು ಇದೇ.

4. ಆಯ್ಕೆಯನ್ನು 1 ಪಿಕ್ಸೆಲ್ ಹಿಗ್ಗಿಸಿ, 1 ಅಥವಾ 2 ಪಿಕ್ಸೆಲ್ ಫೆದರ್ ಕೊಡಿ. ಇಲ್ಲದಿದ್ದರೆ ತಲೆಯ ಸುತ್ತ ಹಳೆಯ ಗೋಡೆಯ ಗೆರೆ ಉಳಿದು, ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ.

5. ಬಕೆಟ್‌ನಿಂದ ಬಣ್ಣ ಸುರಿಯಬೇಡಿ, ನೆರಳೆಲ್ಲ ಅಳಿಸಿಹೋಗುತ್ತದೆ. ಆಯ್ಕೆ ಹಾಗೇ ಇರುವಾಗ ಕರ್ವ್ಸ್ ತೆರೆದು ಒಂದೊಂದೇ ಬಣ್ಣ ಸರಿಪಡಿಸಿ: ಕೆಂಪಿನಲ್ಲಿ 128 ಅನ್ನು 168ಕ್ಕೆ, ಹಸಿರಿನಲ್ಲಿ 146 ಅನ್ನು 200ಕ್ಕೆ, ನೀಲಿಯಲ್ಲಿ 150 ಅನ್ನು 226ಕ್ಕೆ. ಗೋಡೆಯ ಬಣ್ಣ ಬದಲಾಗುತ್ತದೆ, ನೆರಳು ಉಳಿಯುತ್ತದೆ.

6. ಕೊನೆಗೆ ಮತ್ತೆ ಕಲರ್ ಪಿಕರ್ ಇಟ್ಟು ಅಂಕಿ ತಾಳೆ ನೋಡಿ. ಮುಖದ ಅಂಕಿಯನ್ನೂ ಮೂಲ ಫೋಟೋದ ಜೊತೆ ಹೋಲಿಸಿ. ಅದು ಬದಲಾಗಿರಬಾರದು.

ಇನ್ನೊಂದು ಮಾತು. ವಾಟ್ಸಾಪ್‌ನಲ್ಲಿ ಫೋಟೋ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಸಾಮಾನ್ಯವಾಗಿ ಕಳಿಸಿದರೆ ಚಿತ್ರ ಕುಗ್ಗಿ ಅಂಚುಗಳು ಕಲಸಿಹೋಗುತ್ತವೆ, ಆಯ್ಕೆ ಮಾಡುವುದು ಕಷ್ಟ.

ಆಪಾ ಅವರ ಫೋಟೋವನ್ನು ಮೊದಲಿನಿಂದ ಮತ್ತೆ ಮಾಡಿದೆ. ಒಂದು ಫೋಟೋಗೆ ಸುಮಾರು ಇಪ್ಪತ್ತು ನಿಮಿಷ. ಅವಸರದಲ್ಲಿ ಮೊದಲೇ ಮುಗಿಸಿಟ್ಟಿದ್ದ ಇನ್ನೂ ಒಂಬತ್ತು ಫೋಟೋಗಳನ್ನು ತೆರೆದು ನೋಡಿದರೆ ಅವರೆಲ್ಲರನ್ನೂ ನಾನು ಬೆಳ್ಳಗೆ ಮಾಡಿದ್ದೆ! ಅವರು ಯಾರೂ ಏನೂ ಹೇಳಿರಲಿಲ್ಲ. ಅವನ್ನೂ ಸರಿಪಡಿಸಿದೆ.

ಬೀಳ್ಕೊಡುಗೆಯ ದಿನ ಆಪಾ ಬೋರ್ಡಿನ ಮುಂದೆ ನಿಂತು ತಮ್ಮ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡರು. "ಅಮ್ಮಿಗೆ ತೋರಿಸ್ತೀನಿ" ಎಂದರು. ಕಲಿಯಲು ಇಷ್ಟವಿರುವವರು ಊಟದ ಬಿಡುವಿನಲ್ಲಿ ಕಂಪ್ಯೂಟರ್ ಲ್ಯಾಬಿಗೆ ಬನ್ನಿ. ನನಗೆ ತಿಳಿದಷ್ಟು ಹೇಳಿಕೊಡುತ್ತೇನೆ.