ಅಳಿಯನಿಗೊಂದು ಕೊರಿಯರ್ ಗಾಡಿ

ಹೋದ ವರ್ಷ, ಅಂದರೆ 2025ರ ದಸರೆಗೆ ಇನ್ನೂ ಹದಿನೈದು ದಿನ ಇರುವಾಗ ಅಕ್ಕ ಊರಿನಿಂದ ಫೋನ್ ಮಾಡಿದಳು. "ನಿನ್ನ ಅಳಿಯಗ ಅಲ್ಲೇ ಎಲ್ಲೆರ ಹಚ್ಚಪಾ. ಇಲ್ಲೇ ಇದ್ರ ಕಟ್ಟಿ ಮ್ಯಾಲೆ ಕುಂತು ಕೆಡ್ತಾನ" ಅಂದಳು. ಇಂಡಿ ತಾಲ್ಲೂಕಿನ ನಮ್ಮ ಊರಲ್ಲಿ ಅವರಿಗೆ ಎರಡು ಎಕರೆ ನಿಂಬೆ ತೋಟವಿದೆ. ನಿಂಬೆಯ ರೇಟು ಬಿದ್ದ ವರ್ಷ ಅದು ಮನೆ ನಡೆಸುವುದಿಲ್ಲ. ಮೂರನೇ ದಿನ ಹುಡುಗ ಸಾಕಿನಾಕಾದ ನಮ್ಮ ಖೋಲಿಗೆ ಬಂದಿಳಿದ. ಒಳಜೇಬಿನಲ್ಲಿ 40 ಸಾವಿರ ರೂಪಾಯಿ. ಎಮ್ಮೆ ಮಾರಿದ ದುಡ್ಡು.

ನಾನು ಈ ಕೊರಿಯರ್ ಕಸುಬಿಗೆ ಬಿದ್ದು 24 ವರ್ಷವಾಯಿತು. ಮೊದಲು ಬಸ್ಸು ಮತ್ತು ಕಾಲು, ಆಮೇಲೆ ಸೈಕಲ್ಲು, ಆಮೇಲೆ ಗಾಡಿ. ಈಗ ಎಡಭುಜ ಕೆಟ್ಟಿರುವುದರಿಂದ ಹಬ್‌ನಲ್ಲಿ ಕೂತು ಪಾರ್ಸಲ್ ವಿಂಗಡಿಸುತ್ತೇನೆ. ಅಳಿಯನನ್ನು ಅಲ್ಲಿಗೇ ಹಚ್ಚಿದೆ. ಒಂದು ಪಾರ್ಸಲ್ ಮುಟ್ಟಿಸಿದರೆ 14 ರೂಪಾಯಿ, ದಿನಕ್ಕೆ ಅಂದಾಜು 60 ಪಾರ್ಸಲ್. ಗಾಡಿ ಅವನದು, ಪೆಟ್ರೋಲು ಅವನದು, ಪಂಕ್ಚರೂ ಅವನದೇ.

ಗಾಡಿ ಯಾವುದು ಎನ್ನುವುದು ಮಾತ್ರ ಅವನು ರೈಲಿನಲ್ಲೇ ತೀರ್ಮಾನಿಸಿಕೊಂಡು ಬಂದಿದ್ದ. ಫೋನ್ ತೆಗೆದು ಕೆಂಪು ಬಣ್ಣದ 160 ಸಿಸಿ ಬೈಕೊಂದನ್ನು ತೋರಿಸಿದ.

"ತಮ್ಮಾ, ಸ್ಪ್ಲೆಂಡರ್ ಥರದ್ದು ಒಂದು ನೂರು ಸಿಸಿ ನೋಡೂಣ" ಅಂದೆ.

"ಅದು ಹಾಲ ಹಾಕೋರ ಗಾಡಿ ಅಲ್ಲೇನ್ರಿ ಮಾಮಾ?"

"ಹಾಲ ಹಾಕೋರು ಮಳ್ಳರೇನೋ? ದಿನಾ ನಸುಕಿನ್ಯಾಗ ನೂರು ಮನಿ ಮುಂದ ನಿಂದ್ರತಾರ. ನೀನೂ ಅದನ್ನ ಮಾಡಾಂವ ಇದ್ದಿ."

ಮುಖ ಸಣ್ಣದು ಮಾಡಿಕೊಂಡ. ಬಲವಂತ ಮಾಡಿ ಕೊಡಿಸಿದ ಗಾಡಿಯ ಮೇಲೆ ಮೂರು ವರ್ಷ ಕಂತು ಕಟ್ಟುವವನು ಅವನೇ ತಾನೇ. ಹಾಗಾಗಿ ಎರಡೂ ನಮೂನೆಯ ಗಾಡಿಯನ್ನು ಒಂದೊಂದು ದಿನ ಕಡ ತಂದು, ನಿಜವಾದ ಚೀಲ ಹೇರಿಕೊಂಡು, ನಿಜವಾದ ಬೀಟ್ ಸುತ್ತುವುದು ಎಂದು ಮಾತಾಯಿತು. ಶೋರೂಮಿನವರು ಕೊಡುವ ಟೆಸ್ಟ್ ರೈಡ್ ನಮ್ಮ ಕೆಲಸಕ್ಕೆ ಸಾಲುವುದಿಲ್ಲ. ಖಾಲಿ ಬೆನ್ನಿನಲ್ಲಿ ಒಂದು ಕಿಲೋಮೀಟರ್ ಓಡಿಸಿದರೆ ಎಲ್ಲ ಗಾಡಿಯೂ ಚೆಂದವೇ.

ಮೊದಲ ದಿನ ಪಕ್ಕದ ಚಾಳಿನ ಹುಡುಗನ 160 ಸಿಸಿ. ನಾನು ಹಿಂದೆ ಇನ್ನೊಂದು ಗಾಡಿಯಲ್ಲಿ. ಜರಿಮರಿ, ಅಸಲ್ಫಾ, ಚಾಂದಿವಲಿ, ಮರೋಳ. ಪಾರ್ಸಲ್‌ಗಳಲ್ಲಿ ಪುಸ್ತಕ, ಬೂಟು, ಒಂದು ಮಿಕ್ಸರ್ ಡಬ್ಬಿ, ಐದು ಕಿಲೋದ ಹಿಟ್ಟಿನ ಎರಡು ಪೊಟ್ಟಣ. ಅಂಥ ಗಾಡಿಗಳ ಹಿಂಬದಿ ಸೀಟು ಎತ್ತರಕ್ಕೆ ಏರಿ ಮುಂದಕ್ಕೆ ಇಳಿಜಾರಾಗಿರುತ್ತದೆ. ಚೀಲವನ್ನು ಅದರ ಮೇಲೆ ಕಟ್ಟಿದರೆ ಬ್ರೇಕ್ ಹಾಕಿದಾಗಲೆಲ್ಲ ಜಾರಿ ಬಂದು ಬೆನ್ನಿಗೆ ಗುದ್ದುತ್ತದೆ. ಕಟ್ಟದಿದ್ದರೆ ಅಷ್ಟೂ ಭಾರ ಹೆಗಲ ಮೇಲೆ. ಅಸಲ್ಫಾದ ಗುಡ್ಡದ ಓಣಿಗಳಲ್ಲಿ ಎದುರಿನಿಂದ ನೀರಿನ ಕೊಡ ಹೊತ್ತವರು ಬಂದರೆ ಗಾಡಿಯನ್ನು ಹಿಂದಕ್ಕೆ ದಬ್ಬಬೇಕು. ಸುಮಾರು 140 ಕಿಲೋದ ಗಾಡಿಯನ್ನು ಚೀಲದ ಸಮೇತ ದಬ್ಬುವುದು ಜಿಮ್ಮಿಗೆ ಹೋದ ಹಾಗೆ. ಏರು ಹತ್ತುವಾಗ ಮಾತ್ರ ಹುಡುಗನ ಮುಖ ಅರಳಿತ್ತು ಎನ್ನುವುದನ್ನೂ ಹೇಳಬೇಕು. ಆ ಎಂಜಿನ್‌ಗೆ ಅದು ಏರೇ ಅಲ್ಲ.

ಇನ್ನೊಂದು ವಿಷಯದಲ್ಲಿ ಅವನ ಮಾತೇ ಸರಿ. 125 ಸಿಸಿಗಿಂತ ದೊಡ್ಡ ಗಾಡಿಗಳಿಗೆ 2019ರಿಂದ ಎಬಿಎಸ್ ಕಡ್ಡಾಯ. ಅದಕ್ಕಿಂತ ಚಿಕ್ಕವಕ್ಕೆ ಹಿಂದಿನ ಬ್ರೇಕ್ ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುವ ಸಿಬಿಎಸ್ ಇದ್ದರೆ ಸಾಕು. ಮುಂಬೈಯ ಮಳೆಯಲ್ಲಿ, ಪೇವರ್ ಬ್ಲಾಕ್ ಮೇಲೆ ಪಾಚಿ ಕಟ್ಟಿದಾಗ, ಎಬಿಎಸ್ ಇರುವ ಗಾಡಿ ಬೇರೆ, ಇಲ್ಲದ ಗಾಡಿ ಬೇರೆ. ಇದನ್ನು ನಾನು ಅಲ್ಲಗಳೆಯಲಿಲ್ಲ.

ಎರಡನೇ ದಿನ ಹಬ್‌ನ ಗೆಳೆಯರೊಬ್ಬರ ಸ್ಪ್ಲೆಂಡರ್. 97.2 ಸಿಸಿ, 112 ಕಿಲೋ ಆಸುಪಾಸು, 18 ಇಂಚಿನ ಚಕ್ರ. ಸೀಟು ಉದ್ದ, ಚಪ್ಪಟೆ. ಹಿಂದೆ ಕ್ಯಾರಿಯರ್ ಇದ್ದುದರಿಂದ ಚೀಲದ ತಳ ಅದರ ಮೇಲೆ ಕೂತಿತು, ಹೆಗಲಿನ ಪಟ್ಟಿ ಸಡಿಲವಾಯಿತು. ಮಧ್ಯಾಹ್ನ ವಡಾಪಾವ್ ತಿನ್ನಲು ನಿಂತಾಗ "ಬೆನ್ನ ನಿನ್ನಿಗಿಂತ ಚಲೋ ಐತ್ರಿ" ಅಂದ. ನಾನು ಮಾತಾಡಲಿಲ್ಲ.

ಕೊರಿಯರ್ ಕೆಲಸದಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ನಾನು ಓಡಿಸುತ್ತಿದ್ದಾಗ ಒಮ್ಮೆ ಎಣಿಸಿದ್ದೆ, ಒಂದೇ ದಿನ 74 ಸಲ ಗಾಡಿ ನಿಲ್ಲಿಸಿ ಮತ್ತೆ ಚಾಲೂ ಮಾಡಿದ್ದೆ. ಇದಕ್ಕೆ ಬೇಕಾದದ್ದು ಹಗುರವಾದ ಕ್ಲಚ್, ಎರಡೂ ಕಾಲು ಪೂರ್ತಿ ನೆಲಕ್ಕೆ ಹತ್ತುವ ಎತ್ತರ, ಮತ್ತು ಕಿಕ್. ಸೆಲ್ಫ್ ಇದ್ದೇ ಇರುತ್ತದೆ, ಆದರೆ ದಿನಕ್ಕೆ 74 ಸಲ ಒತ್ತಿದರೆ ಬ್ಯಾಟರಿ ಒಂದು ದಿನ ಕೈ ಕೊಡುತ್ತದೆ. ಆ ದಿನ ಕಿಕ್ ಇಲ್ಲದ ಗಾಡಿಯವನು ಗಟಾರದ ಪಕ್ಕ ನಿಂತಿರುತ್ತಾನೆ. ಹೆಬ್ಬೆರಳು ಮತ್ತು ಹಿಮ್ಮಡಿ ಎರಡರಿಂದಲೂ ಬದಲಿಸುವ ಗೇರ್ ಇದ್ದರೆ ಬೂಟು ಉಳಿಯುತ್ತದೆ. ಚೈನು ಪೂರ್ತಿ ಕವರಿನೊಳಗೆ ಇದ್ದರೆ ಮಳೆಗಾಲದ ಕೆಸರು ತಾಗದೆ ಬಾಳಿಕೆ ಹೆಚ್ಚು.

ವೇಗದ ಮಾತು ತೆಗೆಯಬೇಡಿ. ಈ ನಗರದಲ್ಲಿ ವೇಗವಾಗಿ ಓಡಿಸಬಹುದಾದ ಕಡೆಯೆಲ್ಲ ದ್ವಿಚಕ್ರಕ್ಕೆ ಪ್ರವೇಶವೇ ಇಲ್ಲ. ಸೀ ಲಿಂಕ್ ಇಲ್ಲ, ಈಸ್ಟರ್ನ್ ಫ್ರೀವೇ ಇಲ್ಲ, ಕೋಸ್ಟಲ್ ರೋಡ್ ಇಲ್ಲ, ಅಟಲ್ ಸೇತು ಇಲ್ಲ. ನಮಗೆ ಉಳಿದಿರುವುದು ಅಂಧೇರಿ-ಕುರ್ಲಾ ರಸ್ತೆ. ಅಲ್ಲಿ 160 ಸಿಸಿಯೂ ಒಂದೇ, ಎತ್ತಿನ ಗಾಡಿಯೂ ಒಂದೇ.

ರಾತ್ರಿ ಊಟವಾದ ಮೇಲೆ ಹಬ್‌ನ ಹಳೆಯ ಚಲನ್ ಕಾಗದದ ಹಿಂದೆ ಲೆಕ್ಕಕ್ಕೆ ಕೂತೆವು. ದಿನಕ್ಕೆ 80 ಕಿಲೋಮೀಟರ್, ತಿಂಗಳಿಗೆ 26 ದಿನ, ಒಟ್ಟು 2,080. ಪೆಟ್ರೋಲ್ ಇಲ್ಲಿ ಲೀಟರಿಗೆ ನೂರರ ಮೇಲಿದೆ. ಸುಲಭಕ್ಕೆ 100 ಹಿಡಿದೆವು. ಈ ಟ್ರಾಫಿಕ್ಕಿನಲ್ಲಿ 160 ಸಿಸಿ ಲೀಟರಿಗೆ 40 ಕೊಟ್ಟರೆ 5,200 ರೂಪಾಯಿ. ನೂರು ಸಿಸಿ 60 ಕೊಟ್ಟರೆ ಸುಮಾರು 3,500. ಕಂತಿನ ಲೆಕ್ಕ: ದೊಡ್ಡದು ಆನ್‌ರೋಡ್ ಒಂದೂವರೆ ಲಕ್ಷದ ಹತ್ತಿರ, 40 ಸಾವಿರ ಮುಂಗಡ ಹೋದರೆ ಮೂರು ವರ್ಷ ತಿಂಗಳಿಗೆ 3,800. ಚಿಕ್ಕದು 90 ಸಾವಿರದ ಆಸುಪಾಸು, ಎರಡೇ ವರ್ಷಕ್ಕೆ 2,400. ಎರಡೂ ಸೇರಿ ತಿಂಗಳಿಗೆ 9,000 ಒಂದು ಕಡೆ, 5,900 ಇನ್ನೊಂದು ಕಡೆ. ಅಂತರ 3,100. ಅದನ್ನು 14ರಿಂದ ಭಾಗಿಸಲು ಅವನಿಗೇ ಹೇಳಿದೆ. 221 ಪಾರ್ಸಲ್ ಬಂತು.

"ನಾಕ್ ದಿನದ ದುಡಿಮಿರಿ ಮಾಮಾ" ಅಂದ, ತನಗೇ ಹೇಳಿಕೊಂಡ ಹಾಗೆ.

ಸರ್ವೀಸಿನ ಖರ್ಚು ಇದರಲ್ಲಿ ಸೇರಿಲ್ಲ. ಬಿಡಿಭಾಗ ಅರ್ಧ ತಾಸಿನಲ್ಲಿ ಓಣಿಯ ಮೆಕ್ಯಾನಿಕ್ ಹತ್ತಿರವೇ ಸಿಗುತ್ತದೆಯೇ ಎನ್ನುವುದು ಮೈಲೇಜಿನಷ್ಟೇ ದೊಡ್ಡ ಪ್ರಶ್ನೆ. ಗಾಡಿ ವರ್ಕ್‌ಶಾಪಿನಲ್ಲಿ ಕೂತ ದಿನ ನಮಗೆ ಕೂಲಿ ಸೊನ್ನೆ.

ಬೇರೆ ಗಾಡಿಗಳೂ ಇವೆ. ಹೋಂಡಾ ಶೈನ್ 100 ಇನ್ನೂ ಹಗುರ, 99 ಕಿಲೋ. ಗಿಡ್ಡ ಆಳುಗಳಿಗೆ ನಾನು ಅದನ್ನೇ ಹೇಳುತ್ತೇನೆ. ಪುಣೆಯಲ್ಲಿ ಹಿಂಜವಡಿಯಿಂದ ಹಡಪಸರ್‌ವರೆಗೆ ಓಡಾಡುವವರಿಗೆ 125 ಸಿಸಿ ವಾಸಿ. ಚೆನ್ನೈಯ ಓದುಗರಿಗೆ ಟಿವಿಎಸ್ ಎಕ್ಸ್‌ಎಲ್ 100 ಗೊತ್ತೇ ಇರುತ್ತದೆ: ಗೇರಿಲ್ಲ, ಮುಂದೆ ಮೂಟೆ ಇಡಲು ಜಾಗ, ಆದರೆ ಟ್ಯಾಂಕ್ ನಾಲ್ಕೇ ಲೀಟರ್. ಸ್ಕೂಟರಿನಲ್ಲಿ ಕಾಲಿನ ಹತ್ತಿರ ಡಬ್ಬಿ ಇಡಬಹುದು, ಆದರೆ ಚಿಕ್ಕ ಚಕ್ರ ಗುಂಡಿಗೆ ಬಿದ್ದಾಗ ಸೊಂಟಕ್ಕೆ ಗೊತ್ತಾಗುತ್ತದೆ. 2024ರಲ್ಲಿ ಬಂದ ಬಜಾಜ್ ಫ್ರೀಡಂ 125ರಲ್ಲಿ ಎರಡು ಕಿಲೋ ಸಿಎನ್‌ಜಿ, ಎರಡು ಲೀಟರ್ ಪೆಟ್ರೋಲ್ ಹಿಡಿಯುತ್ತದೆ. ಖರ್ಚು ಕಡಿಮೆಯೇ, ಆದರೆ ನಮ್ಮ ಕಡೆಯ ಸಿಎನ್‌ಜಿ ಪಂಪಿನಲ್ಲಿ ರಿಕ್ಷಾಗಳ ಹಿಂದೆ ನಿಲ್ಲುವ ಹೊತ್ತಿಗೆ ಹತ್ತು ಪಾರ್ಸಲ್ ಮುಟ್ಟಿಸಬಹುದು. ಕರೆಂಟಿನ ಗಾಡಿಗೆ ನಮ್ಮ ಚಾಳಿನಲ್ಲಿ ಪ್ಲಗ್ಗೇ ಇಲ್ಲ. ದಿಲ್ಲಿಯವರು ಹಳೆಯ ಗಾಡಿ ಕೊಳ್ಳುವ ಮುಂಚೆ ಆರ್‌ಸಿಯಲ್ಲಿ ವರ್ಷ ನೋಡಿಕೊಳ್ಳಿ, ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಗಾಡಿಗೆ ನಿಷೇಧವಿದೆ.

ಊರಿನಿಂದ ಒಂದು ಸಲಹೆ ಬಂತು. ದೊಡ್ಡಪ್ಪನ ಹಳೆಯ ಗಾಡಿ ತೋಟದಲ್ಲಿ ಸುಮ್ಮನೆ ನಿಂತಿದೆ, ರೈಲಿಗೆ ಹಾಕಿ ಕಳಿಸಲೇ ಎಂದು. ನಮ್ಮಲ್ಲಿ ಬಹಳ ಜನ ಹೀಗೆ ತರುತ್ತಾರೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಗಾಡಿ ಇಟ್ಟುಕೊಂಡರೆ ಅಲ್ಲಿನ ನಂಬರಿಗೆ ಬದಲಿಸಬೇಕು. ವಿಜಯಪುರದ ಆರ್‌ಟಿಓದಿಂದ ಎನ್‌ಓಸಿ, ಇಲ್ಲಿ ಮತ್ತೆ ತೆರಿಗೆ. ಬದಲಿಸುವ ತನಕ ಕೆಎ-28 ಕಂಡ ಕಡೆಯೆಲ್ಲ ಪೊಲೀಸರು ಕೈ ಅಡ್ಡ ಹಾಕುತ್ತಾರೆ. ದಿನಕ್ಕೆ 80 ಕಿಲೋಮೀಟರ್ ರಸ್ತೆಯ ಮೇಲೇ ಇರುವವನಿಗೆ ಇದು ಸಣ್ಣ ಕಾಟವಲ್ಲ.

ಇನ್ನು ನನ್ನ ಭುಜದ ಕಥೆ. ಅಳಿಯನಿಗೆ ಇದನ್ನು ಪೂರ್ತಿ ಹೇಳಿದ್ದು ಆ ರಾತ್ರಿಯೇ. 2011ರ ಮಳೆಗಾಲ, ಮರೋಳದಲ್ಲಿ ರಸ್ತೆ ಅಗೆದ ಕೆಸರಿನಲ್ಲಿ ಜಾರಿದೆ. ಆಗ ನನ್ನ ಹತ್ತಿರವೂ 150 ಸಿಸಿ ಗಾಡಿ ಇತ್ತು, ನನಗೂ ಒಂದು ಕಾಲದಲ್ಲಿ ಕೆಂಪು ಬಣ್ಣ ಬೇಕಿತ್ತು. ಕೊರಳೆಲುಬು ಮುರಿಯಿತು. ಗಾಡಿ ರಿಪೇರಿಗೆ ವಿಮೆ ಕೇಳಿದರೆ ಕಂಪನಿಯವರು ಕೊಡಲಿಲ್ಲ. ಸರ್ವೇಯರ್ ತೆಗೆದ ಫೋಟೋದಲ್ಲಿ ಗಾಡಿಯ ಪಕ್ಕ ನನ್ನ ಕೊರಿಯರ್ ಚೀಲ ಬಿದ್ದಿತ್ತು. ಖಾಸಗಿ ಬೈಕಿನ ಪಾಲಿಸಿಯಲ್ಲಿ ಬಳಕೆಯ ಮಿತಿ ಎಂದು ಒಂದು ಸಣ್ಣಕ್ಷರದ ಸಾಲು ಇರುತ್ತದೆ. ಬಾಡಿಗೆಗೆ ಓಡಿಸುವುದು, ಸ್ವಂತ ಸಾಮಾನು ಮತ್ತು ಸ್ಯಾಂಪಲ್ ಬಿಟ್ಟು ಬೇರೆ ಸರಕು ಸಾಗಿಸುವುದು ಅದರಲ್ಲಿ ಬರುವುದಿಲ್ಲ. ಬಿಳಿ ನಂಬರಿನ ಗಾಡಿಯಲ್ಲಿ ಪಾರ್ಸಲ್ ಹಂಚುವ ನಮ್ಮಂಥ ಹುಡುಗರಲ್ಲಿ ಅದನ್ನು ಓದಿದವರನ್ನು ನಾನು ಹೆಚ್ಚು ಕಂಡಿಲ್ಲ. ನಾಲ್ಕು ತಿಂಗಳು ಮನೆಯಲ್ಲಿ ಕೂತೆ. ಆಗ ಇದೇ ಅಕ್ಕ ತಿಂಗಳು ತಿಂಗಳು ಊರಿನಿಂದ ಜೋಳ ಕಳಿಸುತ್ತಿದ್ದಳು.

"ಅವ್ವ ನಮಗ ಇದನ್ನ ಹೇಳೇ ಇಲ್ಲ" ಅಂದ ಹುಡುಗ.

ಹಾಗಾಗಿ ಗಾಡಿಗೆ ಮೊದಲು ಕಾಗದದ ಕೆಲಸ ಮಾಡಿದೆವು. ವಿಮೆಯವರಿಗೆ ಕೆಲಸ ಏನೆಂದು ಬಾಯಿಬಿಟ್ಟು ಹೇಳಿ, ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಬರೆದು ಕೊಡಿ ಅಂದೆವು. ಗಾಡಿಗೆ ಸಂಬಂಧವಿಲ್ಲದ ಒಂದು ಅಪಘಾತ ಪಾಲಿಸಿ ಅವನ ಹೆಸರಿಗೆ ಬೇರೆ ಮಾಡಿಸಿದೆವು. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆ, ಅದಕ್ಕೂ ಸಹಿ ಹಾಕಿಸಿದೆ. ನಾಮಿನಿ ಅಕ್ಕ.

ಸೆಪ್ಟೆಂಬರ್ 22ರಿಂದ ಇಂಥ ಗಾಡಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯುವುದಿತ್ತು. ಅಲ್ಲಿಯ ತನಕ ತಡೆದೆವು. ಆಮೇಲೆ ಶೋರೂಮಿನಲ್ಲಿ ನೂರು ಸಿಸಿಯ ಮುಂದೆ ನಿಂತು ಅವನು ಒಂದೇ ಕೇಳಿದ್ದು, "ಕೆಂಪು ಪಟ್ಟಿ ಇರೋದು ಐತೇನ್ರಿ?" ಇತ್ತು. ಮೆಕ್ಯಾನಿಕ್ ಹತ್ತಿರ ಹಿಂದೆ ಗಟ್ಟಿ ಕ್ಯಾರಿಯರ್, ಮುಂದೆ ಲೆಗ್ ಗಾರ್ಡ್ ಹಾಕಿಸಿದೆವು. ಉಳಿದ ದುಡ್ಡಲ್ಲಿ ಒಳ್ಳೆಯ ಹೆಲ್ಮೆಟ್ಟು.

ಖಂಡೆ ಪೂಜೆಗೆಂದು ಅಕ್ಕ ವಿಜಯಪುರದ ಬಸ್ಸಿಗೆ ಒಂದು ಚೀಲ ನಿಂಬೆ ಹಾಕಿದ್ದಳು. ಎರಡು ಚಕ್ರಕ್ಕೆ ಎರಡು ಸಾಕಲ್ಲ, ಇವಳು ಚೀಲವನ್ನೇ ಕಳಿಸಿದ್ದಾಳೆ. ಹಬ್‌ನ ಮುಂದೆ ಸಾಲಾಗಿ ನಿಂತ ಹನ್ನೊಂದು ಗಾಡಿಗಳ ಚಕ್ರಕ್ಕೂ ನಮ್ಮ ತೋಟದ ನಿಂಬೆಯನ್ನೇ ಇಟ್ಟೆವು. ಮಿಕ್ಕಿದ್ದನ್ನು ಹುಡುಗರು ಶರಬತ್ತು ಮಾಡಿ ಕುಡಿದು, ಚೀಲ ಹೊತ್ತುಕೊಂಡು ಹೊರಟರು. ಅಳಿಯನಿಗೆ ಅವತ್ತು 52 ಪಾರ್ಸಲ್ ಇತ್ತು.