ಗಾಜಿನ ಮೇಜಿನ ಸುತ್ತ ಗಣಿತದ ಗಲಾಟೆ

ಮೇಜಿನ ಗಾಜಿನ ಮೇಲೆ ಒಂದು ಸಂಖ್ಯೆ ಮೂಡುತ್ತದೆ, 24 ಎಂದಿಟ್ಟುಕೊಳ್ಳಿ. ಆ ಉತ್ತರ ಬರುವ ಲೆಕ್ಕಗಳನ್ನು ಸುತ್ತ ಕೂತ ಮಕ್ಕಳು ಕಟ್ಟಬೇಕು. ಒಬ್ಬ 20+4 ಎಂದರೆ ಪಕ್ಕದವಳು 6×4 ಎನ್ನುತ್ತಾಳೆ. ಇನ್ನೊಬ್ಬ ಸೀದಾ 100–76ಕ್ಕೆ ಜಿಗಿಯುತ್ತಾನೆ. ಸ್ವಲ್ಪ ಹೊತ್ತಿಗೆ ಆ ಲೆಕ್ಕಗಳು ಇನ್ನೊಂದು ಮೇಜಿಗೆ ಹೋಗುತ್ತವೆ. ಅಲ್ಲಿನವರು ತಪ್ಪು ಹುಡುಕಬೇಕು, ತಮ್ಮದಿಷ್ಟು ಸೇರಿಸಬೇಕು.

ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ‘ನಂಬರ್‌ನೆಟ್’ ಎಂಬ ಸ್ಪರ್ಶ ಮೇಜಿನ ಚಟುವಟಿಕೆ ಇದು. ಮೂರು ವರ್ಷ ನಡೆದ ಯೋಜನೆಯಲ್ಲಿ 400ಕ್ಕೂ ಹೆಚ್ಚು ಮಕ್ಕಳಿದ್ದರು, ಬಹುತೇಕರು 8ರಿಂದ 10 ವರ್ಷದವರು. 2012ರಲ್ಲಿ ಫಲಿತಾಂಶ ಹೊರಬಿತ್ತು: ಮೇಜು ಬಳಸಿದವರಲ್ಲಿ ಶೇ 45ರಷ್ಟು ಮಕ್ಕಳು ಮೊದಲಿಗಿಂತ ಹೆಚ್ಚು ಬಗೆಯ ಲೆಕ್ಕ ಕಟ್ಟಿದರು. ಕಾಗದದಲ್ಲಿ ಅಂಥದ್ದೇ ಚಟುವಟಿಕೆ ಮಾಡಿದವರಲ್ಲಿ ಹಾಗೆ ಸುಧಾರಿಸಿದವರು ಶೇ 16 ಮಾತ್ರ.

ಕಂಪ್ಯೂಟರ್ ಮುಂದೆ ನಾಲ್ವರನ್ನು ಕೂರಿಸಿದರೆ ಮೌಸ್ ಹಿಡಿದವನದೇ ಯಜಮಾನಿಕೆ. ಮೇಜಿನ ಮೇಲೆ ಎಲ್ಲರ ಬೆರಳಿಗೂ ಸಮಪಾಲು. ಹಲವು ಬೆರಳುಗಳನ್ನು ಒಮ್ಮೆಗೇ ಗುರುತಿಸಲು 2005ರಲ್ಲಿ ಸಂಶೋಧಕ ಜೆಫ್ ಹಾನ್ ತೋರಿಸಿದ ವಿಧಾನ ಸರಳ: ಅಕ್ರಿಲಿಕ್ ಹಾಳೆಯೊಳಗೆ ಅವಕೆಂಪು ಬೆಳಕು ಹರಿಯುತ್ತಿರುತ್ತದೆ, ಬೆರಳು ತಾಗಿದಲ್ಲಿ ಹೊರಚೆಲ್ಲುತ್ತದೆ, ಹಿಂದಿರುವ ಕ್ಯಾಮೆರಾ ಆ ಚುಕ್ಕಿಗಳನ್ನೆಲ್ಲ ಒಟ್ಟಿಗೇ ಹಿಡಿಯುತ್ತದೆ.

ತಾಪತ್ರಯಗಳೂ ಇವೆ. ಮೇಜಿಗೆ ಮೇಲು–ಕೆಳಗು ಇಲ್ಲ. ಒಬ್ಬನಿಗೆ ನೆಟ್ಟಗಿರುವ ಅಕ್ಷರ ಎದುರಿನವಳಿಗೆ ತಲೆಕೆಳಗು. ಇನ್ನು ಗಲಾಟೆಯಂತೂ ಕೇಳಬೇಡಿ. ಡರ್ಹ್ಯಾಮ್‌ನವರ ಜಾಣತನ ಕಾಣುವುದು ಇಲ್ಲೇ: ಎಲ್ಲ ಮೇಜುಗಳನ್ನೂ ಒಮ್ಮೆಗೇ ಸ್ತಬ್ಧಗೊಳಿಸುವ, ಒಂದು ಗುಂಪಿನ ಕೆಲಸವನ್ನು ದೊಡ್ಡ ಪರದೆಗೆ ತರುವ ಹಿಡಿತವನ್ನು ಟೀಚರ್ ಕೈಗೇ ಕೊಟ್ಟರು. ನನಗೆ ಗಾಜಿಗಿಂತ ಇದೇ ದೊಡ್ಡದೆನಿಸುತ್ತದೆ.

ಕೆನಡಾದ ಸ್ಮಾರ್ಟ್ ಟೆಕ್ನಾಲಜೀಸ್ 2008ರಲ್ಲಿ ಪುಟ್ಟ ಮಕ್ಕಳಿಗೆಂದೇ ‘ಸ್ಮಾರ್ಟ್ ಟೇಬಲ್’ ತಂದಿತು. ಆಗ ಅದರ ಬೆಲೆ ಸುಮಾರು 8,000 ಡಾಲರ್ ಇತ್ತು. ಯಾವ ಸರ್ಕಾರಿ ಶಾಲೆ ಕೊಂಡೀತು?

ಮೇಜು ಸಿಗದಿದ್ದರೂ ಗುಂಪಾಗಿ ಕೂತು ಕಲಿಯುವುದು ನಮಗೇನೂ ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ–ಕಲಿ ಪದ್ಧತಿಯಲ್ಲಿ ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ಮಕ್ಕಳು ಕಾರ್ಡು ಹಿಡಿದು ಒಬ್ಬರಿಂದೊಬ್ಬರು ಕಲಿಯುತ್ತಾರೆ. ಆದರೆ ‘ಸ್ಮಾರ್ಟ್ ಕ್ಲಾಸ್’ ಹೆಸರಿನಲ್ಲಿ ಶಾಲೆಗೆ ಬರುವುದು ಸಾಮಾನ್ಯವಾಗಿ ಗೋಡೆಗೆ ತೂಗುವ ಪರದೆ. ಮಕ್ಕಳು ಮತ್ತೆ ಸಾಲಾಗಿ ಕೂತು ನೋಡುವವರಾಗುತ್ತಾರೆ.

ಅನುದಾನವೋ ದಾನಿಗಳ ಹಣವೋ ಕೈಗೆ ಬಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು (ಎಸ್‌ಡಿಎಂಸಿ) ಪರದೆ ಎಷ್ಟು ಇಂಚಿನದು ಎಂದು ಕೇಳುವ ಮೊದಲು, ಒಟ್ಟಿಗೆ ಎಷ್ಟು ಮಕ್ಕಳು ಅದರಲ್ಲಿ ಕೆಲಸ ಮಾಡಬಹುದು, ಟೀಚರ್ ಬೇಕೆಂದಾಗ ನಿಲ್ಲಿಸಬಹುದೇ ಎಂದು ಕೇಳಲಿ.