ಮಡು ಕಾಯುವ ಅಲಿಗೇಟರ್

ಏಪ್ರಿಲ್ ಬಂತೆಂದರೆ ದಕ್ಷಿಣ ಫ್ಲಾರಿಡಾದ ಎವರ್‌ಗ್ಲೇಡ್ಸ್ ಬಯಲಿನಲ್ಲಿ ನೀರನ್ನು ಹುಡುಕಬೇಕು. ಮಳೆಗಾಲದಲ್ಲಿ ಇಲ್ಲಿ ಕಣ್ಣು ಹಾಯಿಸಿದಷ್ಟು ದೂರವೂ ನೀರು. ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ನಿಧಾನವಾಗಿ ಅದು ದಕ್ಷಿಣದ ಫ್ಲಾರಿಡಾ ಕೊಲ್ಲಿಯತ್ತ ಸರಿಯುತ್ತಿರುತ್ತದೆ. ಡಿಸೆಂಬರಿನ ಹೊತ್ತಿಗೆ ಮಳೆ ಕೈಬಿಟ್ಟರೆ ದಿನದಿನಕ್ಕೂ ನೀರು ಇಳಿಯುತ್ತದೆ. ಚರ್ಮ ಕೊಯ್ಯುವಷ್ಟು ಹರಿತ ಅಂಚಿನ ಸಾಗ್ರಾಸ್ ಹುಲ್ಲಿನ ಬುಡದಲ್ಲಿ ಕೆಸರು ಬಿರಿಯುತ್ತದೆ, ಪಾಚಿ ಒಣಗಿ ಬೂದಿಬಣ್ಣಕ್ಕೆ ತಿರುಗುತ್ತದೆ.

ಈ ಒಣಬಯಲಿನ ನಡುವೆ ಅಲ್ಲೊಂದು ಇಲ್ಲೊಂದು ಕಪ್ಪು ಮಡು ಉಳಿದಿರುತ್ತದೆ. ಬಹಳಷ್ಟು ಮಡುಗಳನ್ನು ಹೀಗೆ ಉಳಿಸಿದ್ದು ಮೊಸಳೆಯ ಬಳಗದ ಅಲಿಗೇಟರ್. ಸುಣ್ಣಕಲ್ಲಿನ ತಳದಲ್ಲಿ ತಗ್ಗಾದ ಜಾಗ ಸಿಕ್ಕರೆ ಅದು ಮೂತಿಯಿಂದ ಗಿಡಗಳನ್ನು ಬೇರುಸಮೇತ ಕೀಳುತ್ತದೆ, ಉಗುರಿನಿಂದ ಕೆಸರು ಕೆರೆಯುತ್ತದೆ, ಬಾಲ ಬೀಸಿ ಬೀಸಿ ಅದನ್ನೆಲ್ಲ ಅಂಚಿಗೆ ದಬ್ಬುತ್ತದೆ. ವರ್ಷ ವರ್ಷವೂ ಇದೇ ಕೆಲಸ. ಒಂದು ಸತ್ತರೆ ಇನ್ನೊಂದು ಬಂದು ಅದೇ ಮಡುವನ್ನು ಹಿಡಿಯುವುದೂ ಉಂಟು. ಅಂಚಿಗೆ ಬಿದ್ದ ಕೆಸರು ಏರಿಯಾಗಿ, ಅದರ ಮೇಲೆ ವಿಲ್ಲೋ ಗಿಡಗಳು, ಜರಿಗಿಡಗಳು ಬೇರೂರುತ್ತವೆ. ದೂರದಿಂದ ನೋಡುವವರಿಗೆ ಹುಲ್ಲಿನ ನಡುವಿನ ಆ ಹಸಿರು ಕುಚ್ಚೇ ಮಡುವಿನ ಗುರುತು.

ಹತ್ತಿರದಿಂದ ನೋಡಿದರೆ ಇಕ್ಕಟ್ಟು ಕಣ್ಣಿಗೆ ಹೊಡೆಯುತ್ತದೆ. ಬಯಲಿನ ಮೀನೆಲ್ಲ ಇಲ್ಲಿಗೇ ಬಂದು ಸೇರಿದೆ. ಉದ್ದ ಮೂತಿಯ ಗಾರ್ ಮೀನುಗಳು ಮೇಲೆದ್ದು ಗಾಳಿ ನುಂಗಿ ಮತ್ತೆ ಮುಳುಗುತ್ತವೆ. ಆಮೆಗಳು ದಡದಲ್ಲಿ ಒಂದರ ಪಕ್ಕ ಒಂದು ಕತ್ತು ಚಾಚಿ ಬಿಸಿಲು ಕಾಯುತ್ತವೆ. ಬೆಳ್ಳಕ್ಕಿ, ಬಿಳಿ ಐಬಿಸ್, ಬೋಳು ತಲೆಯ ವುಡ್ ಸ್ಟಾರ್ಕ್ ಕೊಕ್ಕರೆಗಳು ಅಂಚಿನ ಕೆಸರಿನಲ್ಲಿ ನಿಂತು ಕೊಕ್ಕಾಡಿಸುತ್ತವೆ. ವುಡ್ ಸ್ಟಾರ್ಕ್ ಕಣ್ಣಿನಿಂದಲ್ಲ, ತೆರೆದ ಕೊಕ್ಕಿಗೆ ಮೀನು ತಾಕಿದ ಸ್ಪರ್ಶದಿಂದ ಬೇಟೆಯಾಡುವ ಹಕ್ಕಿ. ಮೀನು ಹೀಗೆ ಒತ್ತೊತ್ತಾಗಿ ಸಿಗದಿದ್ದರೆ ಅದಕ್ಕೆ ಮರಿಗಳ ಹೊಟ್ಟೆ ತುಂಬಿಸಲಾಗದು. ಎಲ್ಲದರ ನಡುವೆ ಮಡುವಿನ ಒಡೆಯ ಕಣ್ಣು, ಮೂಗಿನ ಹೊಳ್ಳೆಗಳನ್ನಷ್ಟೇ ನೀರಿನ ಮೇಲಿಟ್ಟು ಸುಮ್ಮನೆ ಬಿದ್ದಿರುತ್ತದೆ. ಬೇಕಾದಾಗ ಒಂದೊಂದನ್ನು ಹಿಡಿದು ತಿನ್ನುತ್ತದೆ, ನಿಜ. ಆದರೆ ತಣ್ಣನೆ ರಕ್ತದ ಪ್ರಾಣಿಗೆ ಬೇಕಾಗುವುದು ಸ್ವಲ್ಪ. ತಿನ್ನುವುದಕ್ಕಿಂತ ಎಷ್ಟೋ ಹೆಚ್ಚು ಜೀವಗಳನ್ನು ಅದರ ಮಡು ಮುಂದಿನ ಮಳೆಯವರೆಗೆ ಕಾಯುತ್ತದೆ. ಟೀವಿಯಲ್ಲಿ ನಾವು ನೋಡುವುದು ಈ ಪ್ರಾಣಿಯ ಬಾಯನ್ನು ಮಾತ್ರ. ನನ್ನ ಮಟ್ಟಿಗೆ ಅದರ ಬಾಲ, ಉಗುರುಗಳ ಕೆಲಸವೇ ದೊಡ್ಡದು.

ಆ ಬಾಯಿಯಲ್ಲೂ ನೋಡಬೇಕಾದ್ದು ಹಲ್ಲಷ್ಟೇ ಅಲ್ಲ. ದವಡೆಯ ಚರ್ಮದ ಮೇಲೆ ಸಾಸಿವೆಯಷ್ಟು ಸಣ್ಣ ಕಪ್ಪು ಚುಕ್ಕೆಗಳು ಸಾಲುಸಾಲಾಗಿವೆ. ಪ್ರತಿಯೊಂದರ ಒಳಗೂ ನರದ ತುದಿಗಳಿವೆ. ಕತ್ತಲಲ್ಲಿ, ಕಣ್ಣು ಕಿವಿಗಳ ನೆರವಿಲ್ಲದೆ, ನೀರಿಗೆ ಬಿದ್ದ ಒಂದೇ ಹನಿಯ ಅಲೆಯನ್ನೂ ಅಲಿಗೇಟರ್ ಈ ಚುಕ್ಕೆಗಳಿಂದ ಗುರುತಿಸಿ ಅತ್ತ ತಿರುಗುತ್ತದೆ ಎಂಬುದನ್ನು 2002ರಲ್ಲಿ ಜೀವವಿಜ್ಞಾನಿ ಡ್ಯಾಫ್ನಿ ಸೋರೆಸ್ ತೋರಿಸಿಕೊಟ್ಟರು.

ಏಪ್ರಿಲ್, ಮೇ ತಿಂಗಳ ಮುಂಜಾವಿನಲ್ಲಿ ಗಂಡು ಕೂಗುತ್ತದೆ. ಮೊದಲು ಗಾಳಿ ತುಂಬಿಕೊಂಡು ತಲೆಯನ್ನೂ ಬಾಲವನ್ನೂ ಮೇಲೆತ್ತುತ್ತದೆ. ಆಗ ಇನ್ನೂ ಕಿವಿಗೆ ಏನೂ ಕೇಳಿಸದು. ಆದರೆ ಅದರ ಬೆನ್ನಿನ ಮೇಲಿನ ನೀರು ಹನಿಹನಿಯಾಗಿ ಚಿಮ್ಮಿ ಕುಣಿಯತೊಡಗುತ್ತದೆ. ಮನುಷ್ಯನ ಕಿವಿಗೆ ಎಟುಕದ ಕೆಳಸ್ವರದ ಕಂಪನ ಅದು. ಅದರ ಬೆನ್ನಿಗೇ ಗುಡುಗಿನಂತಹ ಕೂಗು ಹೊರಡುತ್ತದೆ. ಒಂದಕ್ಕೆ ಇನ್ನೊಂದು ಮಾರುತ್ತರ ಕೊಡುತ್ತ, ಹೆಣ್ಣುಗಳೂ ದನಿ ಸೇರಿಸುತ್ತ, ಜೌಗಿನ ಈ ತುದಿಯಿಂದ ಆ ತುದಿಗೆ ಕೂಗು ಸಾಗುತ್ತದೆ.

ಜೂನ್‌ನಲ್ಲಿ ಹೆಣ್ಣಿಗೆ ಗೂಡಿನ ಕೆಲಸ. ಕಾವೇರಿಯ ರಂಗನತಿಟ್ಟಿನಲ್ಲಿ ನಾವು ಕಾಣುವ ಮೊಸಳೆ ದಡದಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಅಲಿಗೇಟರ್ ಹುಲ್ಲು, ಸೊಪ್ಪು, ಕೆಸರು ಒಟ್ಟಿ ಗುಡ್ಡೆ ಹಾಕುತ್ತದೆ. ಹಿತ್ತಲ ತಿಪ್ಪೆಯೊಳಗೆ ಕೈಯಿಟ್ಟು ನೋಡಿದವರಿಗೆ ಆ ಗುಡ್ಡೆಯ ಗುಟ್ಟು ಗೊತ್ತು: ಕೊಳೆಯುವ ಸೊಪ್ಪಿನ ಕಾವು. ಸುಮಾರು ಮೂವತ್ತು ಮೊಟ್ಟೆಗಳು ಎರಡು ತಿಂಗಳಿಗೂ ತುಸು ಹೆಚ್ಚು ಕಾಲ ಆ ಕಾವಿನಲ್ಲಿರುತ್ತವೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದೂ ಅದೇ ಕಾವು. 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಹೆಣ್ಣು, 33ರ ಹತ್ತಿರ ಹೆಚ್ಚುಕಡಿಮೆ ಎಲ್ಲವೂ ಗಂಡು, ಅದಕ್ಕೂ ಮೇಲೆ ಏರಿದರೆ ಮತ್ತೆ ಹೆಣ್ಣು ಹೆಚ್ಚುತ್ತವೆ. ಕೆಂಪು ಹೊಟ್ಟೆಯ ಒಂದು ಜಾತಿಯ ಆಮೆ ಬಂದು ಇದೇ ಗುಡ್ಡೆಯಲ್ಲಿ ತನ್ನ ಮೊಟ್ಟೆಯನ್ನೂ ಇಟ್ಟುಹೋಗುತ್ತದೆ. ಮೊಟ್ಟೆಗಳ್ಳ ರಕೂನುಗಳನ್ನು ಬೆದರಿಸಲು ಅಲಿಗೇಟರ್ ತಾಯಿ ಪಕ್ಕದಲ್ಲೇ ಇರುತ್ತದೆ, ಅದು ಆಮೆಯ ಮೊಟ್ಟೆಗೂ ಕಾವಲಾಗುತ್ತದೆ.

ಆಗಸ್ಟ್ ಕೊನೆಗೆ ಗುಡ್ಡೆಯೊಳಗಿನಿಂದ ಕೀಚು ದನಿ ಏಳುತ್ತದೆ. ಚಿಪ್ಪು ಒಡೆಯುವ ಮೊದಲೇ ಮರಿಗಳು ಒಳಗಿಂದ ಕರೆಯುತ್ತವೆ. ತಾಯಿ ಮುಂಗಾಲಿನಿಂದ ಗುಡ್ಡೆ ಕೆದರುತ್ತದೆ. ಒಡೆಯದ ಮೊಟ್ಟೆಯಿದ್ದರೆ ಬಾಯಿಗೆ ತೆಗೆದುಕೊಂಡು, ನಾಲಿಗೆಗೂ ಅಂಗುಳಕ್ಕೂ ನಡುವೆ ಮೆಲ್ಲಗೆ ಉರುಳಿಸುತ್ತದೆ. ಆಮೆಯ ಚಿಪ್ಪನ್ನೇ ಪುಡಿಮಾಡಬಲ್ಲ ದವಡೆಗಳು ಅವು. ಆ ಒತ್ತಡಕ್ಕೆ ಮೊಟ್ಟೆಯ ಚಿಪ್ಪಷ್ಟೇ ಸೀಳಿ, ಕಪ್ಪು ಮೈಮೇಲೆ ಹಳದಿ ಪಟ್ಟೆಯ, ಗೇಣುದ್ದದ ಮರಿ ಹೊರಬರುತ್ತದೆ. ಅದನ್ನು ಬಾಯಲ್ಲಿಟ್ಟುಕೊಂಡೇ ತಾಯಿ ನೀರಿಗೆ ಒಯ್ದು ಬಿಡುತ್ತದೆ. ಮುಂದೆ ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷ ಮರಿಗಳು ತಾಯಿಯ ಸುತ್ತಮುತ್ತಲೇ ಗುಂಪಾಗಿ ಇರುತ್ತವೆ. ಆದರೂ ಕೊಕ್ಕರೆ, ದೊಡ್ಡ ಮೀನು, ರಕೂನು, ಬೇರೆ ಅಲಿಗೇಟರುಗಳ ಬಾಯಿಗೆ ಹೋಗುವವೇ ಹೆಚ್ಚು.

ಚರ್ಮದಾಸೆಗೆ ಮನುಷ್ಯ ಕೊಂದದ್ದಕ್ಕೂ ಲೆಕ್ಕವಿರಲಿಲ್ಲ. 1967ರಲ್ಲಿ ಅಲಿಗೇಟರ್ ಅಳಿವಿನಂಚಿನ ಪ್ರಾಣಿಗಳ ಪಟ್ಟಿ ಸೇರಿತು. ಬೇಟೆ ನಿಂತಮೇಲೆ ಬೇಗ ಚೇತರಿಸಿಕೊಂಡಿತು, 1987ರಲ್ಲಿ ಪೂರ್ತಿ ಚೇತರಿಸಿಕೊಂಡಿದೆ ಎಂದು ಘೋಷಿಸಿದರು. ಎವರ್‌ಗ್ಲೇಡ್ಸ್‌ನಲ್ಲಿ ಮಾತ್ರ ಬೇರೆ ಕಷ್ಟ ಉಳಿದೇ ಇದೆ. ಊರು, ಹೊಲಗಳಿಗಾಗಿ ಕಾಲುವೆ ತೋಡಿ ನೀರನ್ನು ಸಮುದ್ರಕ್ಕೆ ತಿರುಗಿಸಿದರು. 1928ರಲ್ಲಿ ಮುಗಿದ ಟಾಮಿಯಾಮಿ ಟ್ರೇಲ್ ರಸ್ತೆ ಬಯಲಿಗೆ ಅಡ್ಡಲಾಗಿ ಒಡ್ಡಿನಂತೆ ಬಿದ್ದಿತು. ತಾಯಿ ಅಲಿಗೇಟರ್ ಮೊಟ್ಟೆಯನ್ನು ಗುಡ್ಡೆಯಲ್ಲಿ ಎಷ್ಟು ಎತ್ತರಕ್ಕೆ ಇಡುತ್ತದೆ ಎಂಬುದು ಗೂಡು ಕಟ್ಟುವ ಹೊತ್ತಿನ ನೀರಿನ ಮಟ್ಟವನ್ನು ಅನುಸರಿಸಿರುತ್ತದೆ. ನೀರು ಮಳೆಯ ಜತೆ ತಾನಾಗಿ ಏರುತ್ತಿದ್ದ ಕಾಲದಲ್ಲಿ ಆ ಅಂದಾಜು ಸರಿಹೋಗುತ್ತಿತ್ತು. ಈಗ ಕಾಲುವೆಗಳ ಗೇಟು ತೆರೆದು ಒಮ್ಮೆಲೇ ನೀರು ಬಿಟ್ಟರೆ ಮೊಟ್ಟೆಗಳು ಮುಳುಗಿ ಉಸಿರುಕಟ್ಟಿ ಸಾಯುತ್ತವೆ. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ. ನೀರು ಹಂಚುವವರು ಆ ಗುಡ್ಡೆಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಈಗ ಟಾಮಿಯಾಮಿ ರಸ್ತೆಯ ಕೆಲವು ಕಡೆ ಒಡ್ಡು ಒಡೆದು ಸೇತುವೆ ಕಟ್ಟಿದ್ದಾರೆ. ಮೈಲುದ್ದದ ಮೊದಲ ಸೇತುವೆ 2013ರಲ್ಲಿ ಮುಗಿಯಿತು, ಅದರಡಿ ನೀರು ಮತ್ತೆ ದಕ್ಷಿಣಕ್ಕೆ ಸಾಗುತ್ತಿದೆ. ಈ ದುರಸ್ತಿ ಎಷ್ಟು ಫಲಿಸಿದೆ ಎಂದು ಅಳೆಯಲು ವಿಜ್ಞಾನಿಗಳು ನೆಚ್ಚಿಕೊಂಡ ಪ್ರಾಣಿಗಳಲ್ಲಿ ಅಲಿಗೇಟರೂ ಒಂದು. ಗೂಡು ಕಟ್ಟುವ ಕಾಲದಲ್ಲಿ ಹೆಲಿಕಾಪ್ಟರಿನಿಂದ ಬಯಲಿನ ಗುಡ್ಡೆಗೂಡುಗಳನ್ನು ಎಣಿಸುತ್ತಾರೆ. ಎಷ್ಟು ಗೂಡು ಕಟ್ಟಿವೆ, ಅವುಗಳಲ್ಲಿ ಎಷ್ಟು ಮುಳುಗದೆ ಮರಿ ಕಂಡಿವೆ ಎಂದು ಬರೆದಿಡುತ್ತಾರೆ.